ತೂಕ ಯಾಕೆ ಏರುತ್ತಿಲ್ಲ? ದಿನ ತುಂಬದೆ ಹುಟ್ಟಿದ ಮಗುವಿನ ಕ್ಯಾಲೊರಿ ಲೆಕ್ಕ

ಮಗು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇದ್ದರೆ ಮನೆಯವರ ಕಣ್ಣೆಲ್ಲ ಒಂದೇ ಅಂಕಿಯ ಮೇಲಿರುತ್ತದೆ. ಇವತ್ತಿನ ತೂಕ ಎಷ್ಟು? ನಿನ್ನೆಗಿಂತ 20 ಗ್ರಾಂ ಜಾಸ್ತಿ ಅಂದರೆ ನೆಂಟರಿಗೆಲ್ಲ ಫೋನ್ ಹೋಗುತ್ತದೆ. ಇದ್ದಷ್ಟೇ ಇದೆ ಅಂದರೆ ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ.

ಆದರೆ ಡಾಕ್ಟರು, ನರ್ಸುಗಳು ರೌಂಡ್ಸ್‌ನಲ್ಲಿ ಮಾತಾಡಿಕೊಳ್ಳುವುದೇ ಬೇರೆ. ಕೆಜಿಗೆ ಎಷ್ಟು ಕ್ಯಾಲೊರಿ ಹೋಗುತ್ತಿದೆ, ಪ್ರೋಟೀನ್ ಎಷ್ಟು, ಫೋರ್ಟಿಫೈಯರ್ ಶುರು ಮಾಡಿದ್ದಾರಾ, ಫಾಸ್ಫೇಟ್ ರಿಪೋರ್ಟ್ ಬಂತಾ. ಹಾಲು ಕುಡಿದರೆ ಮಗು ಬೆಳೆಯುತ್ತದೆ ಎಂದಷ್ಟೇ ತಿಳಿದವರಿಗೆ ಇದೆಲ್ಲ ತಲೆಬುಡ ಅರ್ಥವಾಗುವುದಿಲ್ಲ. ಕೇಳೋಣ ಅಂದರೆ ಅವರಿಗೂ ಪುರುಸೊತ್ತಿಲ್ಲ. ಆ ಮಾತುಗಳ ಹಿಂದಿನ ಲೆಕ್ಕವನ್ನು ಮೊದಲಿನಿಂದ ನೋಡೋಣ.

ಎಷ್ಟು ಬೇಗ ಹುಟ್ಟಿದರೆ ಅವಧಿಪೂರ್ವ?

ಗರ್ಭದ ಪೂರ್ಣ ಅವಧಿ ಸುಮಾರು 40 ವಾರ. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅವಧಿಪೂರ್ವ ಶಿಶು. 32ರಿಂದ 37 ವಾರದೊಳಗಿನವರು ಒಂದು ಗುಂಪು, 28ರಿಂದ 32 ಇನ್ನೊಂದು, 28 ವಾರಕ್ಕಿಂತ ಮೊದಲು ಹುಟ್ಟಿದವರು ಮತ್ತೊಂದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಬೇಗ ಹುಟ್ಟಿದರು. ಅಂದರೆ ಹತ್ತರಲ್ಲಿ ಒಂದು ಮಗು.

ತೂಕದ ವಿಂಗಡಣೆಯೂ ಇದೆ. 2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕ, 1,500ಕ್ಕಿಂತ ಕೆಳಗೆ ತೀರಾ ಕಡಿಮೆ, 1,000ಕ್ಕಿಂತ ಕೆಳಗಿದ್ದರೆ ಅತಿ ಕಡಿಮೆ. ಈ ಲೇಖನದ ಬಹುಪಾಲು ವಿಷಯ 1,500 ಗ್ರಾಂಗಿಂತ ಕಡಿಮೆ ಇರುವ ಮಕ್ಕಳದ್ದು. 36 ವಾರಕ್ಕೆ ಎರಡೂವರೆ ಕೆಜಿ ತೂಗಿ ಹುಟ್ಟಿದ ಮಗುವಿಗೆ ಇದರಲ್ಲಿ ಸ್ವಲ್ಪವಷ್ಟೇ ಅನ್ವಯಿಸುತ್ತದೆ. ಅಂಥ ಮಗುವಿನ ಅಪ್ಪ ಅಮ್ಮ ಇದನ್ನೋದಿ ಸುಮ್ನೆ ಗಾಬರಿಯಾಗಬೇಕಿಲ್ಲ.

ಹೊಟ್ಟೆಯಲ್ಲಿ ತಪ್ಪಿಹೋದ ಕೊನೆಯ ಮೂರು ತಿಂಗಳು

ಕೊನೆಯ ಮೂರು ತಿಂಗಳು ಮಗು ಹೊಟ್ಟೆಯೊಳಗೆ ದಪ್ಪಗಾಗುವುದಷ್ಟೇ ಅಲ್ಲ, ಮುಂದಿನ ದಿನಗಳಿಗೆ ಬೇಕಾದ್ದನ್ನೆಲ್ಲ ಕೂಡಿಟ್ಟುಕೊಳ್ಳುತ್ತದೆ. ಯಕೃತ್ತಿನಲ್ಲಿ ಗ್ಲೈಕೋಜನ್, ಅಂದರೆ ಬೇಕೆಂದಾಗ ಒಡೆದು ಬಳಸಬಹುದಾದ ಸಕ್ಕರೆಯ ದಾಸ್ತಾನು. ಚರ್ಮದ ಕೆಳಗೆ ಕೊಬ್ಬು. ಮೂಳೆಗೆ ಕ್ಯಾಲ್ಸಿಯಂ, ಫಾಸ್ಫರಸ್. ರಕ್ತಕ್ಕೆ ಕಬ್ಬಿಣ. ದಿನ ತುಂಬಿದ ಮಗುವಿನ ಮೂಳೆಯಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫರಸ್‌ನಲ್ಲಿ ಸುಮಾರು ಶೇ. 80ರಷ್ಟು ಸೇರುವುದು ಈ ಅವಧಿಯಲ್ಲೇ. 34 ವಾರದ ಮಗುವಿನ ಮಿದುಳು ಕೂಡ ದಿನ ತುಂಬಿದ ಮಗುವಿನ ಮಿದುಳಿನ ಶೇ. 65ರಷ್ಟು ಮಾತ್ರ ತೂಗುತ್ತದೆ.

ಇದೆಲ್ಲ ಮಾಸಿನ ಮೂಲಕ, ಹೊಕ್ಕುಳಬಳ್ಳಿಯಲ್ಲಿ, ಹಗಲು ರಾತ್ರಿ ಬಿಡುವಿಲ್ಲದೆ ಬರುತ್ತಿರುತ್ತದೆ. ಮಗು ಜೀರ್ಣಿಸಿಕೊಳ್ಳಬೇಕಿಲ್ಲ, ಉಸಿರಾಡಬೇಕಿಲ್ಲ, ಮೈ ಬಿಸಿ ಮಾಡಿಕೊಳ್ಳಬೇಕಿಲ್ಲ. 26 ವಾರಕ್ಕೆ ಹುಟ್ಟಿದರೆ ಒಂದೇ ಕ್ಷಣದಲ್ಲಿ ಆ ಸರಬರಾಜು ನಿಂತು, ಈ ಮೂರೂ ಕೆಲಸ ಮಗುವಿನ ತಲೆಗೆ ಬೀಳುತ್ತವೆ.

ಕೈಯಲ್ಲಿರುವುದು ಎಷ್ಟು? 28 ವಾರದ ಮಗುವಿನ ಮೈಯಲ್ಲಿ ಕೊಬ್ಬು ಶೇ. 3ರ ಆಸುಪಾಸು. ದಿನ ತುಂಬಿದ ಮಗುವಿಗೆ ಶೇ. 12ರಿಂದ 15. ಏನೂ ಕೊಡದಿದ್ದರೆ ದಿನ ತುಂಬಿದ ಮಗು ತನ್ನ ದಾಸ್ತಾನಿನ ಮೇಲೆ ಸುಮಾರು ಒಂದು ತಿಂಗಳು ದೂಡಬಲ್ಲದು, ಒಂದು ಕೆಜಿಯ ಮಗು ನಾಲ್ಕೈದು ದಿನ ಮಾತ್ರ ಎಂದು 1970ರ ದಶಕದಲ್ಲೇ ಲೆಕ್ಕ ಹಾಕಿದ್ದರು. ಎನ್‌ಐಸಿಯುನಲ್ಲಿ ಆಹಾರದ ವಿಷಯಕ್ಕೆ ಮೊದಲ ದಿನದಿಂದಲೇ ಅಷ್ಟು ಅವಸರ ಯಾಕೆ ಎಂಬುದಕ್ಕೆ ಈ ನಾಲ್ಕೈದು ದಿನವೇ ಉತ್ತರ.

120 ಕ್ಯಾಲೊರಿ ಎಲ್ಲಿ ಹೋಗುತ್ತದೆ?

ತಿಂದದ್ದನ್ನು ದೇಹ ಶಕ್ತಿಯಾಗಿ, ಮಾಂಸ ಮೂಳೆಯಾಗಿ ಬದಲಾಯಿಸುವ ಒಟ್ಟು ಕೆಲಸಕ್ಕೆ ಚಯಾಪಚಯ ಎನ್ನುತ್ತಾರೆ. ಆ ಶಕ್ತಿಯನ್ನು ಅಳೆಯುವುದು ಕಿಲೊಕ್ಯಾಲೊರಿಯಲ್ಲಿ. ಮಾತಿನಲ್ಲಿ ಎಲ್ಲರೂ ಕ್ಯಾಲೊರಿ ಅಂತಲೇ ಹೇಳುತ್ತಾರೆ. ಇಲ್ಲೂ ಹಾಗೇ ಬರೆದಿದ್ದೇನೆ.

ದೊಡ್ಡವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ ಸುಮಾರು 30 ಕ್ಯಾಲೊರಿ ಸಾಕು. ಬೆಳೆಯುತ್ತಿರುವ ಅವಧಿಪೂರ್ವ ಶಿಶುವಿಗೆ 120ರ ಹತ್ತಿರ ಬೇಕು. ಯುರೋಪಿನ ಮಕ್ಕಳ ಪೋಷಣಾ ತಜ್ಞರ ಸಂಘಟನೆ ಎಸ್ಪ್‌ಗಾನ್ 2022ರಲ್ಲಿ ಹೇಳಿದ್ದು 115ರಿಂದ 140. ಇಷ್ಟು ಪುಟ್ಟ ಜೀವಕ್ಕೆ ಇಷ್ಟೊಂದಾ ಅನಿಸುತ್ತದೆ ಅಲ್ವಾ? ಹಳೆಯದಾದರೂ ಇಂದಿಗೂ ಪಾಠದಲ್ಲಿ ಬರುವ ಒಂದು ಹಂಚಿಕೆ ನೋಡಿ. ಎಲ್ಲವೂ ಪ್ರತಿ ಕೆಜಿಗೆ, ಪ್ರತಿ ದಿನಕ್ಕೆ.

ಸುಮ್ಮನೆ ಮಲಗಿದ್ದಾಗಲೂ ಹೃದಯ, ಮಿದುಳು, ಉಸಿರಾಟ ನಡೆಸಲು 50. ಕೈಕಾಲು ಆಡಿಸಲು, ಅಳಲು 15. ಮೈ ಬೆಚ್ಚಗಿಡಲು 10. ಆಹಾರವನ್ನು ಅರಗಿಸುವ ಕೆಲಸಕ್ಕೇ 8. ಅರಗದೆ ಮಲದಲ್ಲಿ ಹೋಗುವುದು 12. ಕೊನೆಗೆ ಬೆಳವಣಿಗೆಗೆ 25. ಒಟ್ಟು 120.

ಬೆಳವಣಿಗೆ ಸಾಲಿನ ತುದಿಯಲ್ಲಿದೆ ಎಂಬುದು ಇಲ್ಲಿ ಮುಖ್ಯ. ಮೊದಲ ಐದು ಖರ್ಚುಗಳನ್ನು ದೇಹ ಮುಂದೂಡುವುದಿಲ್ಲ. ಮಗುವಿಗೆ ದಿನಕ್ಕೆ 95 ಕ್ಯಾಲೊರಿ ಹೋದರೆ ಅದು ಬದುಕಿರುತ್ತದೆ, ಕೈಕಾಲು ಆಡಿಸುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ. ತೂಕ ಮಾತ್ರ ಏರುವುದಿಲ್ಲ. ಹಾಲು ಹೋಗ್ತಾ ಇದೆ, ಆದರೂ ತೂಕ ಇಲ್ಲ ಎಂಬ ಗೊಂದಲ ಬಹಳ ಸಲ ಇಷ್ಟೇ.

ಹಾಗಾಗಿ ತೂಕ ಏರಿಸಲು ಎರಡು ದಾರಿ. ಒಳಗೆ ಹೋಗುವುದನ್ನು ಹೆಚ್ಚಿಸುವುದು ಒಂದು. ಖರ್ಚು ಕಡಿಮೆ ಮಾಡುವುದು ಇನ್ನೊಂದು. ಈ ಎರಡನೆಯದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಆದರೆ ಅದು ಸಣ್ಣದೇನೂ ಅಲ್ಲ.

ಶಾಖವನ್ನೇ ತೆಗೆದುಕೊಳ್ಳಿ. ಮಗು ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಜಾಸ್ತಿ, ಶಾಖ ಸೋರುವುದೂ ಜಾಸ್ತಿ. ದೊಡ್ಡವರಂತೆ ನಡುಗಿ ಬಿಸಿ ಹುಟ್ಟಿಸಿಕೊಳ್ಳಲು ನವಜಾತ ಶಿಶುವಿಗೆ ಬರುವುದಿಲ್ಲ. ಅದಕ್ಕೆಂದೇ ದಿನ ತುಂಬಿದ ಮಗುವಿನ ಕತ್ತು, ಭುಜಗಳ ಸುತ್ತ ಕಂದು ಕೊಬ್ಬು ಎಂಬ ವಿಶೇಷ ಕೊಬ್ಬಿರುತ್ತದೆ. ಅದು ಉರಿದರೆ ಬರುವುದು ನೇರ ಶಾಖ. ಬೇಗ ಹುಟ್ಟಿದ ಮಗುವಿನಲ್ಲಿ ಇದೂ ತೀರಾ ಕಡಿಮೆ. ಜೊತೆಗೆ 25, 26 ವಾರದ ಮಗುವಿನ ಚರ್ಮ ಎಷ್ಟು ತೆಳುವೆಂದರೆ ಮೈಯ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಒಂದು ಎಂಎಲ್ ನೀರು ಆವಿಯಾದರೆ 0.58 ಕ್ಯಾಲೊರಿ ಶಾಖ ಹೋದಂತೆ. ದಿನಕ್ಕೆ 50 ಎಂಎಲ್ ಹೋದರೆ 29 ಕ್ಯಾಲೊರಿ. ಬೆಳವಣಿಗೆಗೆ ಇಟ್ಟಿದ್ದ 25ಕ್ಕಿಂತ ಇದೇ ಜಾಸ್ತಿ ಆಯಿತು. ಇನ್‌ಕ್ಯುಬೇಟರ್ ಒಳಗೆ ಬಿಸಿಯ ಜೊತೆ ತೇವಾಂಶವನ್ನೂ ಕಾಯ್ದುಕೊಳ್ಳುವುದು, ಹುಟ್ಟಿದ ಕೂಡಲೇ ಪುಟ್ಟ ಮಗುವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಡುವುದು ಇದೇ ಕಾರಣಕ್ಕೆ.

ಅಮ್ಮನ ಅಥವಾ ಅಪ್ಪನ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಗುವನ್ನು ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಕೂಡ ಈ ಖರ್ಚನ್ನು ಇಳಿಸುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಇದನ್ನು ಶುರು ಮಾಡಿದ್ದು ಇನ್‌ಕ್ಯುಬೇಟರ್‌ಗಳು ಸಾಲದೆ ಇದ್ದಾಗ. ಈಗ ಅದು ಯಂತ್ರ ಇಲ್ಲದವರ ಉಪಾಯವಾಗಿ ಉಳಿದಿಲ್ಲ. 2021ರಲ್ಲಿ ಐದು ದೇಶಗಳ ಆಸ್ಪತ್ರೆಗಳ ಅಧ್ಯಯನವೊಂದು ಪ್ರಕಟವಾಯಿತು. 1 ಕೆಜಿಯಿಂದ 1.8 ಕೆಜಿಯೊಳಗಿನ ಮಕ್ಕಳಿಗೆ ಹುಟ್ಟಿದ ತಕ್ಷಣವೇ ಇದನ್ನು ಆರಂಭಿಸಿದರೆ, ಸ್ಥಿರವಾಗುವ ತನಕ ಕಾಯುವುದಕ್ಕಿಂತ ಮೊದಲ 28 ದಿನಗಳ ಸಾವು ಶೇ. 25ರಷ್ಟು ಇಳಿಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಕಾಂಗರೂ ಆರೈಕೆ ಕೊಡಿ ಎಂದು ಶಿಫಾರಸು ಮಾಡಿತು. ಬೆಚ್ಚಗಿಡುವುದರ ಜೊತೆ ಸೋಂಕು ತಡೆಯುವುದು, ಎದೆಹಾಲು ಹೆಚ್ಚಿಸುವುದು ಮುಂತಾದ ಲಾಭಗಳೂ ಇದರಲ್ಲಿ ಸೇರಿವೆ.

ಉಸಿರಾಟದ ಖರ್ಚೂ ಉಂಟು. ಶ್ವಾಸಕೋಶ ಬಲಿಯದೆ ದೀರ್ಘಕಾಲ ಆಕ್ಸಿಜನ್ ಬೇಕಾಗುವ ಮಕ್ಕಳು ಪ್ರತಿ ಉಸಿರಿಗೂ ಹೆಣಗಬೇಕು. ಅಂಥವರ ಶಕ್ತಿಯ ಖರ್ಚು ಬೇರೆ ಮಕ್ಕಳಿಗಿಂತ ಹೆಚ್ಚು. ಉಸಿರು ನಿಲ್ಲುವುದನ್ನು ತಡೆಯಲು ಕೊಡುವ ಕೆಫೀನ್ ಕೂಡ ಚಯಾಪಚಯದ ವೇಗವನ್ನು ಸ್ವಲ್ಪ ಏರಿಸುತ್ತದೆ. ಹಾಗಂತ ಅದನ್ನು ನಿಲ್ಲಿಸುವ ಹಾಗಿಲ್ಲ, ಉಸಿರು ಮೊದಲು.

ಬರೀ ಗ್ಲೂಕೋಸ್ ಯಾಕೆ ಸಾಲದು?

ಹುಟ್ಟಿದ ಕೂಡಲೇ ಸಣ್ಣ ಮಗುವಿಗೆ ರಕ್ತನಾಳದ ಮೂಲಕ ಗ್ಲೂಕೋಸ್ ಶುರುವಾಗುತ್ತದೆ. ಮಿದುಳು ಮುಖ್ಯವಾಗಿ ಓಡುವುದು ಗ್ಲೂಕೋಸ್ ಮೇಲೆ. ಪುಟ್ಟ ಮಗುವಿನ ಮೈಗೆ ಹೋಲಿಸಿದರೆ ಮಿದುಳು ದೊಡ್ಡದು, ದಾಸ್ತಾನಿನ ಗ್ಲೈಕೋಜನ್ ಮಾತ್ರ ಕೆಲವೇ ಗಂಟೆಯದ್ದು. ಸಾಮಾನ್ಯವಾಗಿ ಕೊಡುವುದು ಪ್ರತಿ ಕೆಜಿಗೆ, ಪ್ರತಿ ನಿಮಿಷಕ್ಕೆ 4ರಿಂದ 8 ಮಿಲಿಗ್ರಾಂ.

6 ಮಿಲಿಗ್ರಾಂ ಎಂದುಕೊಂಡು ಲೆಕ್ಕ ಹಾಕೋಣ. ದಿನಕ್ಕೆ 1,440 ನಿಮಿಷ. ಒಟ್ಟು 8.6 ಗ್ರಾಂ ಆಯಿತು. ಡ್ರಿಪ್‌ನ ಗ್ಲೂಕೋಸ್ ಗ್ರಾಂಗೆ 3.4 ಕ್ಯಾಲೊರಿ ಕೊಡುತ್ತದೆ. ಹಾಗಾಗಿ ಸಿಕ್ಕಿದ್ದು 29 ಕ್ಯಾಲೊರಿ. ಮಲಗಿದ್ದಕ್ಕೇ 50 ಬೇಕಿತ್ತಲ್ಲ? ಉಳಿದ 21 ಎಲ್ಲಿಂದ ಬರಬೇಕು?

ಮಗುವಿನ ಮೈಯಿಂದಲೇ. ಕೊಬ್ಬು ಇಲ್ಲದಿದ್ದರೆ ಸ್ನಾಯುವಿನ ಪ್ರೋಟೀನ್ ಒಡೆಯುತ್ತದೆ. ಬರೀ ಗ್ಲೂಕೋಸ್ ಮೇಲಿಟ್ಟ ಅತಿ ಚಿಕ್ಕ ಮಗು ದಿನಕ್ಕೆ ತನ್ನ ಮೈಯ ಪ್ರೋಟೀನಿನಲ್ಲಿ ಸುಮಾರು ಶೇ. 1ರಷ್ಟು ಕಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಹೊಟ್ಟೆಯಲ್ಲಿರುವ ಅಷ್ಟೇ ವಾರದ ಮಗು ದಿನದಿನಕ್ಕೆ ಪ್ರೋಟೀನ್ ಸೇರಿಸಿಕೊಳ್ಳುತ್ತಾ ಇರುತ್ತದೆ. ಹಾಗಾಗಿ ಕೊರತೆ ಎರಡು ಕಡೆಯಿಂದ ಬೆಳೆಯುತ್ತದೆ.

ಇಲ್ಲಿ ಮನೆ ಕಟ್ಟುವ ಲೆಕ್ಕ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಪ್ರೋಟೀನ್ ಅಂದರೆ ಇಟ್ಟಿಗೆ, ಕ್ಯಾಲೊರಿ ಅಂದರೆ ಗಾರೆ ಕೆಲಸದವರ ಕೂಲಿ. ಇಟ್ಟಿಗೆ ರಾಶಿ ಬಿದ್ದಿದೆ, ಕೂಲಿಗೆ ದುಡ್ಡಿಲ್ಲ ಅಂದರೆ ಇಟ್ಟಿಗೆಯನ್ನೇ ಮಾರಿ ಕೂಲಿ ಕೊಡಬೇಕಾಗುತ್ತದೆ. ಕ್ಯಾಲೊರಿ ಕಡಿಮೆ ಇರುವ ಮಗು ಪ್ರೋಟೀನನ್ನು ಉರುವಲಾಗಿ ಸುಡುವುದು ಹೀಗೆ. ಕೂಲಿ ಧಾರಾಳವಾಗಿದೆ, ಇಟ್ಟಿಗೆಯೇ ಬಂದಿಲ್ಲ ಅಂದರೆ ಗೋಡೆ ಏಳುವುದಿಲ್ಲ. ಪ್ರೋಟೀನ್ ಇಲ್ಲದ ಹೆಚ್ಚುವರಿ ಕ್ಯಾಲೊರಿ ಬರೀ ಕೊಬ್ಬಾಗಿ ಕೂರುತ್ತದೆ.

ಅದಕ್ಕೇ ಈಗ ಮೊದಲ ದಿನದಿಂದಲೇ ಡ್ರಿಪ್‌ನಲ್ಲಿ ಅಮೈನೊ ಆಮ್ಲ, ಅಂದರೆ ಪ್ರೋಟೀನಿನ ಬಿಡಿ ಭಾಗಗಳು ಸೇರುತ್ತವೆ. ಮೈಯಿಂದ ಪ್ರೋಟೀನ್ ಸೋರದಿರಲು ಕೆಜಿಗೆ ಕನಿಷ್ಠ 1.5 ಗ್ರಾಂ, ಎರಡನೇ ದಿನದಿಂದ 2.5ರಿಂದ 3.5 ಗ್ರಾಂ. ಆ ಪ್ರೋಟೀನ್ ಕಟ್ಟಡಕ್ಕೇ ಹೋಗಬೇಕಾದರೆ ಜೊತೆಗೆ ಗ್ಲೂಕೋಸ್ ಮತ್ತು ಕೊಬ್ಬಿನಿಂದ ದಿನಕ್ಕೆ ಕೆಜಿಗೆ ಕನಿಷ್ಠ 65 ಕ್ಯಾಲೊರಿ ಇರಬೇಕು ಎಂಬುದು ಈಗಿನ ಮಾರ್ಗಸೂಚಿ.

ಕೊಬ್ಬು ಹೋಗುವುದು ಹಾಲಿನಂತೆ ಬಿಳಿಯಾಗಿ ಕಾಣುವ ಬೇರೆ ಸಿರಿಂಜ್‌ನಲ್ಲಿ. ಅದನ್ನು ನೋಡಿ ರಕ್ತನಾಳಕ್ಕೆ ಹಾಲು ಹಾಕುತ್ತಿದ್ದಾರೇನೋ ಎಂದು ಬೆಚ್ಚುವವರಿದ್ದಾರೆ. ಅದು ಹಾಲಲ್ಲ, ಎಣ್ಣೆಯನ್ನು ಅತಿ ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆಸಿದ ದ್ರಾವಣ. ಎಂಎಲ್‌ಗೆ 2 ಕ್ಯಾಲೊರಿ. ಕಡಿಮೆ ನೀರಿನಲ್ಲಿ ಜಾಸ್ತಿ ಶಕ್ತಿ ಸಿಗುವುದು ಇದರ ಲಾಭ.

ಹಾಗಿದ್ದರೆ ಗ್ಲೂಕೋಸನ್ನೇ ಇನ್ನಷ್ಟು ಏರಿಸಿದರೆ ಆಗದೇ? ಒಂದು ಮಿತಿಯ ನಂತರ ಆಗುವುದಿಲ್ಲ. ಈ ಮಕ್ಕಳಲ್ಲಿ ಇನ್ಸುಲಿನ್ ವ್ಯವಸ್ಥೆ ಇನ್ನೂ ಪಳಗಿರುವುದಿಲ್ಲ. ಹೊರಗಿನಿಂದ ಸಕ್ಕರೆ ಬರುತ್ತಿದ್ದರೂ ಯಕೃತ್ತು ತನ್ನ ಪಾಡಿಗೆ ತಾನು ಸಕ್ಕರೆ ತಯಾರಿಸುತ್ತಲೇ ಇರುತ್ತದೆ. ಹಾಗಾಗಿ ನಿನ್ನೆ ಸಕ್ಕರೆ ಕಡಿಮೆಯಾಗಿದ್ದ ಮಗುವಿಗೆ ಇವತ್ತು ವಿಪರೀತ ಏರಬಹುದು. ಮೇಲಾಗಿ ಬಳಕೆಗೆ ಮೀರಿದ ಗ್ಲೂಕೋಸನ್ನು ಕೊಬ್ಬಾಗಿ ಮಾಡುವಾಗ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಹುಟ್ಟುತ್ತದೆ. ಅದನ್ನು ಹೊರಹಾಕಲು ಮಗು ಇನ್ನೂ ಜೋರಾಗಿ ಉಸಿರಾಡಬೇಕು.

ಪೋಷಣೆಯನ್ನೆಲ್ಲ ರಕ್ತನಾಳದಿಂದಲೇ ಕೊಟ್ಟು ಮಗುವನ್ನು ಬೆಳೆಸಬಹುದು ಎಂದು ತೋರಿಸಿಕೊಟ್ಟವರು ಅಮೆರಿಕದ ಫಿಲಡೆಲ್ಫಿಯಾದ ಡಗ್ಲಸ್ ವಿಲ್ಮೋರ್ ಮತ್ತು ಸ್ಟ್ಯಾನ್ಲಿ ಡುಡ್ರಿಕ್. ಆ ವರದಿ ಬಂದದ್ದು 1968ರಲ್ಲಿ. ಅದಕ್ಕೂ ಮೊದಲು ಪುಟ್ಟ ಮಕ್ಕಳನ್ನು, ಹಾಲು ಶ್ವಾಸಕೋಶಕ್ಕೆ ಹೋದೀತು ಎಂಬ ಭಯದಿಂದ, ಮೊದಲ ಎರಡು ಮೂರು ದಿನ ಉಪವಾಸ ಇಡುವ ಪದ್ಧತಿಯೂ ಇತ್ತು.

ಫಾಸ್ಫೇಟ್ ರಿಪೋರ್ಟ್‌ಗೆ ಕಾಯುವುದೇಕೆ?

ಅಮೈನೊ ಆಮ್ಲ ಬಂದೊಡನೆ ಜೀವಕೋಶಗಳು ಬೆಳೆಯಲು ಶುರು ಮಾಡುತ್ತವೆ. ಹೊಸ ಕೋಶಕ್ಕೆ ಪೊಟ್ಯಾಶಿಯಂ, ಫಾಸ್ಫೇಟ್ ಬೇಕು. ಅವನ್ನು ರಕ್ತದಿಂದ ಎಳೆದುಕೊಳ್ಳುತ್ತವೆ. ಡ್ರಿಪ್‌ನಲ್ಲಿ ಅಷ್ಟು ಫಾಸ್ಫೇಟ್ ಇರದಿದ್ದರೆ ರಕ್ತದಲ್ಲಿ ಅದು ಧಡಕ್ಕನೆ ಇಳಿಯುತ್ತದೆ. ಫಾಸ್ಫೇಟ್ ಮೂಳೆಗಷ್ಟೇ ಬೇಕಾದ ವಸ್ತುವಲ್ಲ. ಎಟಿಪಿ, ಅಂದರೆ ಪ್ರತಿ ಕೋಶವೂ ಕೆಲಸಕ್ಕೆ ಬಳಸುವ ಶಕ್ತಿಯ ಕಣ ಇದೆಯಲ್ಲ, ಅದರೊಳಗಿರುವುದೂ ಫಾಸ್ಫೇಟೇ. ಅದು ತೀರಾ ಕಡಿಮೆಯಾದರೆ ಉಸಿರಾಟದ ಸ್ನಾಯು ಸೋಲುತ್ತದೆ, ಸೋಂಕಿನ ಅಪಾಯ ಏರುತ್ತದೆ.

ದೀರ್ಘ ಉಪವಾಸದಿಂದ ಬಳಲಿದ ದೊಡ್ಡವರಿಗೆ ಒಮ್ಮೆಲೇ ಊಟ ಕೊಟ್ಟಾಗ ಆಗುವ ರೀಫೀಡಿಂಗ್ ಸಿಂಡ್ರೋಮ್ ಕೂಡ ಇದೇ ಜಾತಿಯದು. ಗರ್ಭದಲ್ಲೇ ಸರಿಯಾಗಿ ಬೆಳೆಯದ ಮಕ್ಕಳಲ್ಲಿ ಇದರ ಅಪಾಯ ಹೆಚ್ಚು.

ಹಾಲು, ಮತ್ತು ಹಾಲಿಗೆ ಬೆರೆಸುವ ಪುಡಿ

ಡ್ರಿಪ್ ಎಷ್ಟೇ ಚೆನ್ನಾಗಿದ್ದರೂ ಅದು ತಾತ್ಕಾಲಿಕ. ಜಾಸ್ತಿ ದಿನ ಇದ್ದರೆ ರಕ್ತದ ಸೋಂಕು, ಯಕೃತ್ತಿನ ತೊಂದರೆ ಬರಬಹುದು. ಕರುಳಿಗೂ ಕೆಲಸ ಬೇಕು, ಇಲ್ಲದಿದ್ದರೆ ಅದರ ಒಳಪದರ ಸೊರಗುತ್ತದೆ. ಅದಕ್ಕೇ ಆದಷ್ಟು ಬೇಗ ಹಾಲು. ಮೊದಲು ಕೆಜಿಗೆ ದಿನಕ್ಕೆ 10ರಿಂದ 24 ಎಂಎಲ್. ಎರಡು ಮೂರು ಗಂಟೆಗೊಮ್ಮೆ ಒಂದೆರಡು ಎಂಎಲ್, ಅಷ್ಟೇ. ಇದರಿಂದ ಹೊಟ್ಟೆ ತುಂಬುವುದಿಲ್ಲ ನಿಜ, ಕರುಳನ್ನು ಎಬ್ಬಿಸುವುದಕ್ಕೆ ಸಾಕು.

ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ತಾಳ ತಪ್ಪದೆ ಮಾಡಲು ಮಗುವಿಗೆ 32ರಿಂದ 34 ವಾರ ಆಗಬೇಕು. ಅಲ್ಲಿಯವರೆಗೆ ಬಾಯಿ ಅಥವಾ ಮೂಗಿನಿಂದ ಹೊಟ್ಟೆಗೆ ಇಳಿಸಿದ ತೆಳು ನಳಿಕೆಯಲ್ಲಿ ಹಾಲು.

ಮೊದಲ ಆಯ್ಕೆ ಅಮ್ಮನ ಹಾಲೇ. ಕರುಳಿನ ಭಾಗ ಕೊಳೆಯುವ, ಪ್ರಾಣಕ್ಕೇ ಕುತ್ತಾಗುವ ನೆಕ್ ಎಂಬ ಕಾಯಿಲೆ ಈ ಮಕ್ಕಳನ್ನು ಕಾಡುತ್ತದೆ. ಎದೆಹಾಲು ಕುಡಿದವರಲ್ಲಿ ಅದು ಕಡಿಮೆ. ಅಮ್ಮನ ಹಾಲು ಸಾಲದಿದ್ದರೆ ಹಾಲಿನ ಬ್ಯಾಂಕಿನ ದಾನಿ ಹಾಲು. ಅದನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುತ್ತಾರೆ. ರೋಗಾಣು ಸಾಯುತ್ತವೆ, ಜೊತೆಗೆ ಕೊಬ್ಬನ್ನು ಅರಗಿಸಲು ನೆರವಾಗುವ ಹಾಲಿನ ಲೈಪೇಸ್ ಎಂಬ ಕಿಣ್ವವೂ ಹಾಳಾಗುತ್ತದೆ. ಹಾಗಾಗಿ ದಾನಿ ಹಾಲಿನಲ್ಲಿ ತೂಕ ಸ್ವಲ್ಪ ನಿಧಾನ ಏರುತ್ತದೆ.

ಇಷ್ಟು ಒಳ್ಳೆಯ ಹಾಲಿಗೆ ಪುಡಿ ಬೆರೆಸುವುದೇಕೆ ಎಂಬ ಪ್ರಶ್ನೆ ಅಮ್ಮಂದಿರನ್ನು ನಿಜಕ್ಕೂ ನೋಯಿಸುತ್ತದೆ. ನನ್ನ ಹಾಲಿನಲ್ಲಿ ಸತ್ವ ಇಲ್ಲವಾ ಎಂದು ಕೇಳುವವರಿದ್ದಾರೆ. ಹಾಲಿನಲ್ಲಿ ಏನೂ ಕೊರೆಯಿಲ್ಲ. ಎದೆಹಾಲು ಇರುವುದು ದಿನ ತುಂಬಿದ ಮಗುವಿನ ಅಳತೆಗೆ. ಹೊಕ್ಕುಳಬಳ್ಳಿಯಲ್ಲಿ ಬರಬೇಕಿದ್ದುದನ್ನೂ ಅದೇ ತುಂಬಿಕೊಡಬೇಕು ಅಂದರೆ ಹೇಗೆ?

ಒಂದು ಕೆಜಿ ಮಗುವಿನ ಲೆಕ್ಕ ನೋಡಿ. ಪೂರ್ತಿ ಹಾಲಿಗೆ ಬಂದ ಮೇಲೆ ದಿನಕ್ಕೆ 160 ಎಂಎಲ್ ಕೊಡುತ್ತಾರೆ ಎನ್ನೋಣ. ಬಲಿತ ಎದೆಹಾಲಿನ 100 ಎಂಎಲ್‌ನಲ್ಲಿ ಸುಮಾರು 67 ಕ್ಯಾಲೊರಿ, 1.2 ಗ್ರಾಂ ಪ್ರೋಟೀನ್. 160 ಎಂಎಲ್‌ಗೆ 107 ಕ್ಯಾಲೊರಿ, 1.9 ಗ್ರಾಂ ಪ್ರೋಟೀನ್. ಬೇಕಾದದ್ದು 115ಕ್ಕಿಂತ ಹೆಚ್ಚು ಕ್ಯಾಲೊರಿ, 3.5ರಿಂದ 4 ಗ್ರಾಂ ಪ್ರೋಟೀನ್. ಕ್ಯಾಲೊರಿಯಲ್ಲಿ ಕೊರತೆ ಅಷ್ಟಿಲ್ಲ, ಪ್ರೋಟೀನ್ ಮಾತ್ರ ಅರ್ಧ. ಕ್ಯಾಲ್ಸಿಯಂ ಇನ್ನೂ ಕಡಿಮೆ. 160 ಎಂಎಲ್‌ನಲ್ಲಿ ಬರುವುದು 45 ಮಿಲಿಗ್ರಾಂ ಒಳಗೆ, ಬೇಕಾದ್ದು 120ರಿಂದ 200. ಹಾಲನ್ನೇ ದುಪ್ಪಟ್ಟು ಕೊಡೋಣ ಅಂದರೆ ಅಷ್ಟು ನೀರನ್ನು ಪುಟ್ಟ ಹೃದಯ, ಶ್ವಾಸಕೋಶ ತಡೆಯುವುದಿಲ್ಲ.

ಫೋರ್ಟಿಫೈಯರ್ ಎಂಬ ಪುಡಿ ಅಥವಾ ದ್ರವ ಈ ಕೊರತೆಯನ್ನು ತುಂಬುತ್ತದೆ. ಅದನ್ನು ಬೆರೆಸಿದ ಹಾಲು 100 ಎಂಎಲ್‌ಗೆ ಸುಮಾರು 80 ಕ್ಯಾಲೊರಿ, 2.3 ಗ್ರಾಂ ಪ್ರೋಟೀನ್ ಆಗುತ್ತದೆ. ಈಗ ಅದೇ 160 ಎಂಎಲ್‌ನಲ್ಲಿ 128 ಕ್ಯಾಲೊರಿ, 3.7 ಗ್ರಾಂ. ಶುರು ಮಾಡುವುದು ದಿನದ ಹಾಲು ಕೆಜಿಗೆ 40ರಿಂದ 100 ಎಂಎಲ್ ತಲುಪಿದ ಮೇಲೆ.

ಬೇಗ ಹೆತ್ತ ಅಮ್ಮಂದಿರ ಹಾಲಿನಲ್ಲಿ ಮೊದಲ ಕೆಲವು ವಾರ ಪ್ರೋಟೀನ್ ಜಾಸ್ತಿಯೇ ಇರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಹಾಲಿನ ಸತ್ವ ಅಮ್ಮನಿಂದ ಅಮ್ಮನಿಗೆ, ಬೆಳಗ್ಗೆಯಿಂದ ಸಂಜೆಗೆ ಬದಲಾಗುತ್ತದೆ. ಎಲ್ಲರಿಗೂ ಒಂದೇ ಅಳತೆಯ ಪುಡಿ ಹಾಕಿದರೆ ಕೆಲವು ಮಕ್ಕಳಿಗೆ ಸಾಲದು. ಅದಕ್ಕೇ ಕೆಲವೆಡೆ ಮಗುವಿನ ರಕ್ತದಲ್ಲಿ ಯೂರಿಯಾ, ಅಂದರೆ ಪ್ರೋಟೀನ್ ಒಡೆದಾಗ ಉಳಿಯುವ ತ್ಯಾಜ್ಯ, ಎಷ್ಟಿದೆ ನೋಡಿ ಪ್ರೋಟೀನ್ ಹೆಚ್ಚು ಕಡಿಮೆ ಮಾಡುತ್ತಾರೆ. ಇನ್ನು ಕೆಲವೆಡೆ ಹಾಲನ್ನೇ ಯಂತ್ರದಲ್ಲಿ ಪರೀಕ್ಷಿಸುತ್ತಾರೆ.

ಯಾರ ಗಮನಕ್ಕೂ ಬಾರದೆ ಕ್ಯಾಲೊರಿ ಸೋರುವ ಒಂದು ಜಾಗವಿದೆ. ಪಂಪಿನಿಂದ ಗಂಟೆಗಟ್ಟಲೆ ನಿಧಾನವಾಗಿ ಹಾಲು ಹರಿಸುವಾಗ ಕೊಬ್ಬು ಮೇಲಕ್ಕೆ ತೇಲಿ ಸಿರಿಂಜ್‌ನಲ್ಲಿ, ನಳಿಕೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಹಾಲಿನ ಶಕ್ತಿಯಲ್ಲಿ ಅರ್ಧದಷ್ಟು ಕೊಬ್ಬಿನದೇ. ಫೈಲಿನಲ್ಲಿ 120 ಎಂದು ಬರೆದಿದ್ದರೂ ಮಗುವಿನ ಹೊಟ್ಟೆಗೆ ಅಷ್ಟು ತಲುಪಿರುವುದಿಲ್ಲ. ಸಿರಿಂಜ್‌ನ ತುದಿ ಮೇಲಕ್ಕಿರುವಂತೆ ಓರೆಯಾಗಿಟ್ಟರೆ, ಇಲ್ಲವೇ ಹಾಲನ್ನು ಸ್ವಲ್ಪ ಹೊತ್ತಿನಲ್ಲೇ ಇಳಿಸಿದರೆ ಈ ನಷ್ಟ ಕಡಿಮೆ.

ಹಾಲನ್ನು ದಿನದಿನಕ್ಕೆ ಎಷ್ಟು ವೇಗವಾಗಿ ಏರಿಸಬೇಕು ಎಂಬ ವಾದ ವರ್ಷಗಟ್ಟಲೆ ನಡೆಯಿತು. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಿಫ್ಟ್ ಅಧ್ಯಯನದಲ್ಲಿ 2,800ಕ್ಕೂ ಹೆಚ್ಚು ಮಕ್ಕಳಿದ್ದರು. ದಿನಕ್ಕೆ ಕೆಜಿಗೆ 18 ಎಂಎಲ್ ಏರಿಸಿದವರಿಗೂ 30 ಎಂಎಲ್ ಏರಿಸಿದವರಿಗೂ ಎರಡು ವರ್ಷದ ಹೊತ್ತಿಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಮೂಳೆ, ರಕ್ತ, ಕಣ್ಣು

ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಜೋಡಿ. ಒಂದು ಕಡಿಮೆಯಾದರೆ ಇನ್ನೊಂದೂ ಮೂಳೆಯಲ್ಲಿ ಕೂರುವುದಿಲ್ಲ, ಮೂತ್ರದಲ್ಲಿ ಹೋಗುತ್ತದೆ. ಕೊರತೆ ಮುಂದುವರಿದರೆ ಮೂಳೆ ಮೆದುವಾಗಿ, ಕೆಲವೊಮ್ಮೆ ಪಕ್ಕೆಲುಬು ಮುರಿಯುವುದೂ ಉಂಟು. ಹಾಗಾಗಿ ರಕ್ತದಲ್ಲಿ ಫಾಸ್ಫೇಟನ್ನೂ, ಮೂಳೆಯ ಸ್ಥಿತಿಯ ಸುಳಿವು ಕೊಡುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನೂ ಪರೀಕ್ಷಿಸುತ್ತಾರೆ. ವಿಟಮಿನ್ ಡಿ ಹನಿ ಇದಕ್ಕೆ ಜೊತೆ. ಖನಿಜ ಇಲ್ಲದೆ ಬರೀ ಡಿ ಕೊಟ್ಟರೆ ಪ್ರಯೋಜನ ಅಷ್ಟಕ್ಕಷ್ಟೇ.

ಕಬ್ಬಿಣ ದಿನ ತುಂಬಿದ ಮಗುವಿನಲ್ಲಿ ಕೆಜಿಗೆ ಸುಮಾರು 75 ಮಿಲಿಗ್ರಾಂ ಇರುತ್ತದೆ. ಬೇಗ ಹುಟ್ಟಿದರೆ ಒಟ್ಟು ಮೊತ್ತ ಕಡಿಮೆ, ಮೇಲೆ ಪರೀಕ್ಷೆಗೆಂದು ತೆಗೆಯುವ ರಕ್ತ ಬೇರೆ. ಎರಡು ವಾರದ ಆಸುಪಾಸಿನಿಂದ ಕೆಜಿಗೆ ದಿನಕ್ಕೆ 2ರಿಂದ 3 ಮಿಲಿಗ್ರಾಂ ಕಬ್ಬಿಣ ಶುರು ಮಾಡುತ್ತಾರೆ. ಪದೇಪದೇ ರಕ್ತ ಕೊಡಿಸಿಕೊಂಡ ಮಗುವಿಗೆ ಅದನ್ನು ತಡ ಮಾಡಬಹುದು, ಯಾಕೆಂದರೆ ಕೊಟ್ಟ ರಕ್ತದಲ್ಲೇ ಕಬ್ಬಿಣ ಇರುತ್ತದೆ. ಸತು, ಅಂದರೆ ಜಿಂಕ್, ಹೊಸ ಕೋಶ ಹುಟ್ಟಲು ಬೇಕು. ಕ್ಯಾಲೊರಿ, ಪ್ರೋಟೀನ್ ಎಲ್ಲ ಸರಿಯಿದ್ದೂ ತೂಕ ಏರದೆ, ಬಾಯಿಯ ಸುತ್ತ ಗುಳ್ಳೆ ಎದ್ದರೆ ಡಾಕ್ಟರ ಅನುಮಾನ ಅದರ ಮೇಲೆ ಹೋಗುತ್ತದೆ. ಸೋಡಿಯಂ ಕೂಡ ಹಾಗೇ. ಬಲಿಯದ ಮೂತ್ರಪಿಂಡ ಉಪ್ಪನ್ನು ಹಿಡಿದಿಡದೆ ಬಿಟ್ಟುಬಿಡುತ್ತದೆ, ಉಪ್ಪಿಲ್ಲದೆ ಮಗು ಬೆಳೆಯುವುದಿಲ್ಲ.

ಡಿಎಚ್‌ಎ ಮತ್ತು ಎಆರ್‌ಎ ಎಂಬ ಎರಡು ಕೊಬ್ಬಿನಾಮ್ಲಗಳು ಮಿದುಳಿಗೂ ಕಣ್ಣಿನ ಅಕ್ಷಿಪಟಲಕ್ಕೂ ಬೇಕು. 2021ರ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಇವೆರಡನ್ನೂ ಸೇರಿಸಿ ಕೊಟ್ಟಾಗ, ಅವಧಿಪೂರ್ವ ಶಿಶುಗಳ ಅಕ್ಷಿಪಟಲದ ಕಾಯಿಲೆ ತೀವ್ರವಾಗುವ ಪ್ರಮಾಣ ಅರ್ಧಕ್ಕೆ ಇಳಿಯಿತು.

ಹಾಗಾದರೆ ಎಲ್ಲವನ್ನೂ ಇನ್ನಷ್ಟು ಕೊಡಬಹುದಲ್ಲ?

ಹಾಗೆ ನಂಬಿ ಮಾಡಿದ ಪ್ರಯೋಗಗಳು ಬೇರೆಯೇ ಕಥೆ ಹೇಳುತ್ತವೆ. ಪೂರಕಗಳನ್ನು ಟಾನಿಕ್‌ನಂತೆ ನೋಡುವವರು ಈ ಭಾಗವನ್ನು ತಪ್ಪದೆ ಓದಬೇಕು.

ಡಿಎಚ್‌ಎಯಿಂದಲೇ ಶುರು ಮಾಡೋಣ. 29 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳಿಗೆ ಅದನ್ನು ಜಾಸ್ತಿ ಕೊಟ್ಟರೆ ಶ್ವಾಸಕೋಶದ ಕಾಯಿಲೆ ತಗ್ಗೀತು ಎಂಬ ನಿರೀಕ್ಷೆ ಇತ್ತು. 2017ರಲ್ಲಿ ಫಲಿತಾಂಶ ಬಂದಾಗ ಕಾಯಿಲೆ ತಗ್ಗಿರಲಿಲ್ಲ, ಸ್ವಲ್ಪ ಹೆಚ್ಚಿದ ಸೂಚನೆ ಇತ್ತು. ಅಲ್ಲಿಗೆ ಮುಗಿಯಲಿಲ್ಲ. ಅದೇ ಮಕ್ಕಳಿಗೆ ಐದು ವರ್ಷವಾದಾಗ ಪರೀಕ್ಷಿಸಿದರೆ ಡಿಎಚ್‌ಎ ಪಡೆದವರ ಬುದ್ಧಿಸೂಚ್ಯಂಕ ಸರಾಸರಿ ಮೂರೂವರೆ ಅಂಕ ಮೇಲಿತ್ತು. ಒಂದೇ ಪೂರಕ, ಒಂದು ಅಂಗಕ್ಕೆ ಲಾಭ, ಇನ್ನೊಂದಕ್ಕೆ ಅನುಮಾನ.

ಪ್ರೋಟೀನಿನದ್ದು ಇನ್ನೂ ಕಣ್ಣು ತೆರೆಸುವಂಥದ್ದು. 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಪ್ರೊವೈಡ್ ಅಧ್ಯಯನದಲ್ಲಿ ಒಂದು ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಮೊದಲ ಐದು ದಿನ ದಿನಕ್ಕೆ 1 ಗ್ರಾಂ ಅಮೈನೊ ಆಮ್ಲ ಹೆಚ್ಚುವರಿಯಾಗಿ ಕೊಟ್ಟರು. ಎರಡು ವರ್ಷದ ಹೊತ್ತಿಗೆ ಲಾಭವೇನೂ ಕಾಣಲಿಲ್ಲ. ರೀಫೀಡಿಂಗ್ ಸಿಂಡ್ರೋಮ್ ಮಾತ್ರ ಆ ಗುಂಪಿನಲ್ಲೇ ಜಾಸ್ತಿ. ಇಟ್ಟಿಗೆ ಲಾರಿಗಟ್ಟಲೆ ಬಂತು, ಉಳಿದ ಸಾಮಾನು ಆ ವೇಗಕ್ಕೆ ಬರಲಿಲ್ಲ ಎಂದು ಇದನ್ನು ಓದಬಹುದು.

ಇನ್ನೂ ಹಿಂದಕ್ಕೆ ಹೋದರೆ 1984ರಲ್ಲಿ ಅಮೆರಿಕದಲ್ಲಿ ರಕ್ತನಾಳಕ್ಕೆ ಕೊಡುವ ಇ-ಫೆರಾಲ್ ಎಂಬ ವಿಟಮಿನ್ ಇ ಔಷಧವನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. 38 ಶಿಶುಗಳ ಸಾವಿಗೆ ಅದರ ನಂಟಿತ್ತು. ಈಚೆಗೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಪ್ರೋಬಯಾಟಿಕ್, ಅಂದರೆ ಕರುಳಿಗೆ ಒಳ್ಳೆಯದೆಂದು ಕೊಡುವ ಜೀವಂತ ಸೂಕ್ಷ್ಮಾಣು, ಪಡೆದ ಅವಧಿಪೂರ್ವ ಶಿಶುವೊಂದು ಅದರಲ್ಲಿದ್ದ ಬ್ಯಾಕ್ಟೀರಿಯಾದ ಸೋಂಕಿನಿಂದಲೇ ಸತ್ತ ಮೇಲೆ ಎಚ್ಚರಿಕೆ ಹೊರಡಿಸಿತು. ಔಷಧಿ ಅಂಗಡಿಯಲ್ಲಿ ಸಿಗುವ ಯಾವ ಹನಿಯನ್ನೂ ಡಾಕ್ಟರನ್ನು ಕೇಳದೆ ಈ ಮಕ್ಕಳಿಗೆ ಹಾಕಬಾರದು ಎನ್ನುವುದಕ್ಕೆ ಇಷ್ಟು ಸಾಕು.

ತೂಕವನ್ನು ಓದುವುದು ಹೇಗೆ?

ಮೊದಲ ವಾರ ತೂಕ ಇಳಿಯುವುದು ಸಹಜ. ಮೈಯಲ್ಲಿದ್ದ ಹೆಚ್ಚುವರಿ ನೀರು ಹೋಗುತ್ತದೆ. ಹುಟ್ಟುತೂಕಕ್ಕೆ ಮರಳಲು 10ರಿಂದ 14 ದಿನ ಬೇಕಾಗಬಹುದು. ಆಮೇಲೆ ದಿನಕ್ಕೆ ಕೆಜಿಗೆ 15ರಿಂದ 20 ಗ್ರಾಂ ಏರಿದರೆ ಗರ್ಭದೊಳಗಿನ ವೇಗಕ್ಕೆ ಹತ್ತಿರ ಬಂದಂತೆ.

ಒಂದು ದಿನದ ಏರಿಳಿತಕ್ಕೆ ಅರ್ಥ ಕಡಿಮೆ. ಮೂತ್ರ, ಮಲ, ಹಾಲು ಕೊಟ್ಟ ಹೊತ್ತು, ಮೈಗೆ ಅಂಟಿಸಿದ ಟೇಪು, ಬೇರೆ ತಕ್ಕಡಿ, ಯಾವುದರಿಂದಲೂ 20 ಗ್ರಾಂ ಆಚೀಚೆ ಆಗುತ್ತದೆ. ಒಮ್ಮೆಲೇ 60 ಗ್ರಾಂ ಏರಿದರೆ ಸಂತೋಷಪಡುವ ಮೊದಲು ಅದು ನೀರು ತುಂಬಿದ ಬಾವೇ ಎಂದು ಡಾಕ್ಟರು ನೋಡುತ್ತಾರೆ. ವಾರದ ಸರಾಸರಿ, ಜೊತೆಗೆ ಉದ್ದ ಮತ್ತು ತಲೆಯ ಸುತ್ತಳತೆ ನೋಡಬೇಕು. ಇವೆರಡೂ ವಾರಕ್ಕೆ ಒಂದು ಸೆಂಟಿಮೀಟರಿನ ಹತ್ತಿರ ಬೆಳೆಯಬೇಕು. ತೂಕ ಏರಿ ಉದ್ದ ಏರದಿದ್ದರೆ ಕ್ಯಾಲೊರಿ ಬಂದಿದೆ, ಪ್ರೋಟೀನ್ ಬಂದಿಲ್ಲ ಎಂಬ ಗುಮಾನಿ.

ಮನೆಗೆ ಹೋದ ಮೇಲೆ

ಆಸ್ಪತ್ರೆಯಿಂದ ಬಿಡುಗಡೆಯಾದ ಮಗು ದಿನ ತುಂಬಿದ ಮಗುವಿನಂತೆ ಕಂಡರೂ ದಾಸ್ತಾನಿನ ಬಾಕಿ ತೀರಿರುವುದಿಲ್ಲ. ಕೆಲವು ಮಕ್ಕಳಿಗೆ ಬರೀ ಎದೆಹಾಲು ಸಾಕಾಗುತ್ತದೆ. ಬೆಳವಣಿಗೆ ಹಿಂದುಳಿದವರಿಗೆ ದಿನಕ್ಕೆ ಕೆಲವು ಸಲ ಫೋರ್ಟಿಫೈಯರ್ ಬೆರೆಸಿದ ಹಾಲು ಮುಂದುವರಿಸುತ್ತಾರೆ. ಹಾಲು ಹಿಂಡುವ ಅಮ್ಮಂದಿರು ಗಮನಿಸಬೇಕಾದ್ದು, ಕೊನೆಗೆ ಬರುವ ಹಾಲಿನಲ್ಲಿ ಕೊಬ್ಬು ಜಾಸ್ತಿ. ಮೊದಲ ಹಾಲು ಬಂದೊಡನೆ ನಿಲ್ಲಿಸದೆ ಪೂರ್ತಿ ಹಿಂಡಿದರೆ ಕ್ಯಾಲೊರಿಯೂ ಪೂರ್ತಿ ಸಿಗುತ್ತದೆ.

ಮಗುವನ್ನು ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವ ಮೊದಲು ವಯಸ್ಸು ತಿದ್ದಿಕೊಳ್ಳಬೇಕು. 28 ವಾರಕ್ಕೆ ಹುಟ್ಟಿದ ಮಗು 12 ವಾರ ಮುಂಚೆ ಬಂದಿದೆ. ಅದಕ್ಕೆ ಆರು ತಿಂಗಳಾದಾಗ ಬೆಳವಣಿಗೆಯ ಚಾರ್ಟ್‌ನಲ್ಲಿ ಗುರುತು ಹಾಕುವುದು ಮೂರು ತಿಂಗಳ ಜಾಗದಲ್ಲಿ. ಎರಡು ವರ್ಷದವರೆಗೆ ಇದೇ ಲೆಕ್ಕ. ಲಸಿಕೆಗೆ ಮಾತ್ರ ಹುಟ್ಟಿದ ದಿನದಿಂದಲೇ ಎಣಿಸುತ್ತಾರೆ. ಕಬ್ಬಿಣದ ಹನಿಯನ್ನು ಕನಿಷ್ಠ ಆರು ತಿಂಗಳು, ಹಲವು ಮಕ್ಕಳಿಗೆ ಒಂದು ವರ್ಷದವರೆಗೂ ಕೊಡಬೇಕಾಗುತ್ತದೆ. ಮಗು ದಪ್ಪಗಾಯಿತು, ಇನ್ನು ಸಾಕು ಎಂದು ಮನೆಯಲ್ಲೇ ನಿಲ್ಲಿಸಬಾರದು. ತೂಕ ಏರಿದಂತೆ ಡೋಸ್ ಕೂಡ ಏರಬೇಕು, ಹಾಗಾಗಿ ಪ್ರತಿ ಭೇಟಿಯಲ್ಲೂ ಎಷ್ಟು ಹನಿ ಎಂದು ಹೊಸದಾಗಿ ಬರೆಸಿಕೊಳ್ಳಿ.